ಟ್ರಿಯಾನನ್: ಪುಟ್ಟ ಅರಮನೆ, ಮರೆಯಾದ ಸಸ್ಯೋದ್ಯಾನ

ಪ್ಯಾರಿಸ್ ಸಮೀಪದ ವರ್ಸೇಲ್ಸ್ ಅರಮನೆಯ ವೈಭವ ಲೋಕಪ್ರಸಿದ್ಧ. ಆ ವೈಭವದ ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳಲೆಂದೇ ಫ್ರಾನ್ಸ್‌ನ ದೊರೆಗಳು ಅದೇ ಉದ್ಯಾನದ ಅಂಚಿನಲ್ಲಿ ಪುಟ್ಟ ಅರಮನೆಗಳನ್ನು ಕಟ್ಟಿಸಿಕೊಂಡರು. ಅವುಗಳಿಗೆ ಟ್ರಿಯಾನನ್ ಎಂಬ ಹೆಸರು ಬಂದದ್ದು ಅಲ್ಲಿದ್ದ ಹಳ್ಳಿಯಿಂದ. 14ನೇ ಲೂಯಿ 1668ರಲ್ಲಿ ಆ ಹಳ್ಳಿಯನ್ನು ಕೊಂಡು ನೆಲಸಮ ಮಾಡಿಸಿದನು.

1670ರಲ್ಲಿ ಅಲ್ಲಿ ಎದ್ದು ನಿಂತ ಮೊದಲ ವಿಹಾರಗೃಹಕ್ಕೆ ನೀಲಿ, ಬಿಳಿ ಬಣ್ಣದ ಪಿಂಗಾಣಿ ಬಿಲ್ಲೆಗಳ ಹೊದಿಕೆಯಿತ್ತು. ಮಳೆ, ಚಳಿಗೆ ಬಿಲ್ಲೆಗಳು ತಡೆಯಲಿಲ್ಲ. 1687ರಲ್ಲಿ ಅದನ್ನು ಕೆಡವಿ, ನಸುಗೆಂಪು ಅಮೃತಶಿಲೆಯ ಈಗಿನ ಗ್ರಾಂಡ್ ಟ್ರಿಯಾನನ್ ಕಟ್ಟಲಾಯಿತು. ಇಲ್ಲಿ ಹೂಗಿಡಗಳನ್ನು ಕುಂಡಸಮೇತ ಮಣ್ಣಿನಲ್ಲಿ ಹೂತು, ಬೇಕೆಂದಾಗ ಬದಲಿಸುತ್ತಿದ್ದರು.

15ನೇ ಲೂಯಿಯ ಆಸಕ್ತಿ ಬೇರೆಯಾಗಿತ್ತು. ಸಸ್ಯಗಳಲ್ಲಿ ನಿಜವಾದ ಒಲವಿದ್ದ ಆತ, ಮಾಲಿ ಕ್ಲೋಡ್ ರಿಷಾರ್ ಹಾಗೂ ಸಸ್ಯವಿಜ್ಞಾನಿ ಬರ್ನಾರ್ ದ ಜೂಸಿಯು ಅವರ ನೆರವಿನಿಂದ ಸುಮಾರು 4000 ಬಗೆಯ ಸಸ್ಯಗಳ ಉದ್ಯಾನ ಬೆಳೆಸಿದನು. ಗಾಜಿನ ಮನೆಗಳಲ್ಲಿ ಅನಾನಸು, ಕಾಫಿ ಗಿಡಗಳೂ ಇದ್ದವು. ಪರಸ್ಪರ ಹೋಲುವ ಸಸ್ಯಗಳನ್ನು ಕುಟುಂಬಗಳಾಗಿ ವಿಂಗಡಿಸಿ ಜೂಸಿಯು ಇಲ್ಲಿಯೇ ಸಾಲುಗಳಲ್ಲಿ ನೆಟ್ಟರು. ಪುಸ್ತಕ ಮಾತ್ರ ಬರೆಯಲಿಲ್ಲ. ಈ ಉದ್ಯಾನದ ಮಗ್ಗುಲಿಗೆ ವಾಸ್ತುಶಿಲ್ಪಿ ಗೇಬ್ರಿಯಲ್ 1762ರಿಂದ 1768ರವರೆಗೆ ಕಟ್ಟಿದ್ದೇ ಪೆಟಿ ಟ್ರಿಯಾನನ್. ಚೌಕಾಕಾರದ ಈ ಕಟ್ಟಡದ ನಾಲ್ಕೂ ಮುಖಗಳು ಬೇರೆ ಬೇರೆ. ಅವುಗಳಲ್ಲಿ ತೀರಾ ಸರಳವಾದದ್ದು ಸಸ್ಯೋದ್ಯಾನದತ್ತ ನೋಡುತ್ತಿತ್ತು.

1774ರಲ್ಲಿ ದೊರೆ ಸಿಡುಬಿನಿಂದ ಮೃತಪಟ್ಟನು. ಉತ್ತರಾಧಿಕಾರಿ 16ನೇ ಲೂಯಿ ಈ ಅರಮನೆಯನ್ನು ಪತ್ನಿ ಮೇರಿ ಆಂಟೊನೆಟ್‌ಗೆ ಉಡುಗೊರೆಯಾಗಿ ಕೊಟ್ಟನು. ರಾಣಿಗೆ ಆಗ ಪ್ರಚಲಿತವಾಗಿದ್ದ ಇಂಗ್ಲಿಷ್ ಶೈಲಿಯ ತೋಟ ಬೇಕಿತ್ತು. ಗಾಜಿನ ಮನೆಗಳು ಹೋದವು; ಗಿಡಗಳನ್ನು ಪ್ಯಾರಿಸ್‌ನ ರಾಜೋದ್ಯಾನಕ್ಕೆ ಸಾಗಿಸಲಾಯಿತು. ವಾಸ್ತುಶಿಲ್ಪಿ ರಿಷಾರ್ ಮಿಕ್ ಆ ಜಾಗದಲ್ಲಿ ಕೊಳ, ದಿಬ್ಬ, ಅಂಕುಡೊಂಕು ತೊರೆ, ಪ್ರೇಮಮಂದಿರಗಳನ್ನು ನಿರ್ಮಿಸಿದನು. ನೋಟಕ್ಕೆ ಸುಂದರವೇ, ಆದರೆ ವಿಜ್ಞಾನಕ್ಕೆ ಆದ ನಷ್ಟ ಸಣ್ಣದಲ್ಲ. ಜೂಸಿಯು ಅವರ ವಿಂಗಡಣೆಯ ಕ್ರಮ ಉಳಿದದ್ದು ಅವರ ಸೋದರನ ಮಗ ಅದನ್ನು ಬೆಳೆಸಿ 1789ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದರಿಂದ.

1783ರಿಂದ ಕೊಳದ ದಂಡೆಯಲ್ಲಿ ಹುಲ್ಲುಮಾಡಿನ ಮನೆಗಳ ಹಳ್ಳಿಯೊಂದು ತಲೆಯೆತ್ತಿತು. ನಿಜವಾದ ಹಳ್ಳಿಯನ್ನು ಕೆಡವಿದ ಅರಸುಮನೆತನವೇ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಅಲ್ಲಿ ತೋರಿಕೆಯ ಹಳ್ಳಿ ಕಟ್ಟಿಸಿದ್ದು ವಿಪರ್ಯಾಸ. ಹಾಗೆಂದು ಅದು ಬರಿಯ ಆಟಿಕೆಯಲ್ಲ. ಹಸುಗಳಿದ್ದವು, ಬೇಸಾಯಗಾರನೂ ಇದ್ದನು.

1788ರ ಆಗಸ್ಟ್‌ನಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಲ್ಸ್‌ಗೆ ಬಂದಿದ್ದರು. ಸೇನಾನೆರವಿನ ಜೊತೆಗೆ ಟಿಪ್ಪು ಬಯಸಿದ್ದ ವಸ್ತುಗಳಲ್ಲಿ ಹೂವಿನ ಬೀಜ, ಸಸಿಗಳೂ ಸೇರಿದ್ದವು ಎಂಬುದು ನಮ್ಮವರಿಗೆ ಕುತೂಹಲದ ಸಂಗತಿ.

ಅಷ್ಟರಲ್ಲಿ ಪೆಟಿ ಟ್ರಿಯಾನನ್ ದುಂದಿನ ಸಂಕೇತವಾಗಿತ್ತು. ವಜ್ರ ಕೂರಿಸಿದ ಕೋಣೆಯೊಂದು ಅಲ್ಲಿದೆ ಎಂಬ ವದಂತಿ ನಂಬಿ 1789ರಲ್ಲಿ ಜನಪ್ರತಿನಿಧಿಗಳು ಹುಡುಕಿ ಬಂದರೆಂದು ರಾಣಿಯ ಪರಿಚಾರಿಕೆ ಮದಾಂ ಕಾಂಪಾ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಅಕ್ಟೋಬರ್ 5ರಂದು ಪ್ಯಾರಿಸ್‌ನ ಜನ ವರ್ಸೇಲ್ಸ್‌ನತ್ತ ಹೊರಟ ಸುದ್ದಿ ತಲುಪಿದಾಗ ರಾಣಿ ಇದೇ ತೋಟದಲ್ಲಿದ್ದಳು. ಮತ್ತೆಂದೂ ಆಕೆ ಇಲ್ಲಿಗೆ ಮರಳಲಿಲ್ಲ.

ಕ್ರಾಂತಿಯ ಕಾಲದಲ್ಲಿ ಪೀಠೋಪಕರಣಗಳು ಹರಾಜಾದವು. 1999ರ ಡಿಸೆಂಬರ್ ಬಿರುಗಾಳಿಗೆ ವರ್ಸೇಲ್ಸ್‌ನ ಸಾವಿರಾರು ಮರಗಳು ಉರುಳಿದವು. ಬಳಿಕ ಹೊಸದಾಗಿ ನೆಡಲಾಯಿತು. ದುರಸ್ತಿಗೊಂಡ ಪೆಟಿ ಟ್ರಿಯಾನನ್ 2008ರಲ್ಲಿ ಪ್ರವಾಸಿಗರಿಗೆ ಮತ್ತೆ ತೆರೆಯಿತು.