ಬರ, ನೆರೆ ಮತ್ತು ಗ್ರಾಮೀಣ ಕುಟುಂಬ: ನಷ್ಟವನ್ನು ಅಳೆಯುವ ಬಗೆ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸವಳಂಗವು ಮಲೆನಾಡು ಹಾಗೂ ಬಯಲುಸೀಮೆಗಳ ನಡುವಣ ಊರು. ಇಲ್ಲಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಕ್ಷೀಣಿಸುತ್ತದೆ. ಜಗಳೂರಿಗೆ ಬರ ಹೊಸತಲ್ಲ. ತುಂಗಭದ್ರೆಯ ದಡದ ಹೊನ್ನಾಳಿಗೆ ನೆರೆಯ ಭೀತಿ. ಇಂತಹ ಸೀಮೆಯಲ್ಲಿ ಹವಾಮಾನ ವೈಪರೀತ್ಯದಿಂದ ಕುಟುಂಬವೊಂದು ಎಷ್ಟು ಕಳೆದುಕೊಂಡಿತೆಂದು ಅಳೆಯುವುದು ಹೇಗೆ?

ಮಳೆಯ ಅಳತೆ: 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭಗೊಂಡ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯಂತೆ ಮಳೆ ಕೊರತೆಯ ಜೊತೆಗೆ ಬಿತ್ತನೆ, ಉಪಗ್ರಹ ಚಿತ್ರ, ಮಣ್ಣಿನ ತೇವಾಂಶ ಮತ್ತು ಜಲಮೂಲಗಳ ಸ್ಥಿತಿಯನ್ನು ಪರಿಶೀಲಿಸಿ ಬರ ಘೋಷಿಸಲಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಬೆಳೆಯ ಅಳತೆ: ಶೇ. 33ಕ್ಕಿಂತ ಕಡಿಮೆ ಬೆಳೆ ಹಾನಿಗೆ ಪರಿಹಾರವಿಲ್ಲ. 2022ರಿಂದ 2026ರ ಅವಧಿಯ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ನಿಗದಿಯಾಗಿ, ಗರಿಷ್ಠ ಮಿತಿ ಎರಡು ಹೆಕ್ಟೇರ್ ಇತ್ತು. ಅದರಂತೆ ಒಂದೂವರೆ ಎಕರೆ ಮಳೆಯಾಶ್ರಿತ ಮೆಕ್ಕೆಜೋಳ ಒಣಗಿದರೆ ಸುಮಾರು 5,100 ರೂ. ಮಾತ್ರ ದೊರೆಯುವುದು.

ಕುಟುಂಬದ ಅಳತೆ: ಮೇಲಿನ ಎರಡೂ ಲೆಕ್ಕಗಳು ಆಕಾಶ ಮತ್ತು ಭೂಮಿಗೆ ಸಂಬಂಧಿಸಿದವು. ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆ ರೈತ, ಕಳೆ ಕೀಳುವ ಕೂಲಿ ಕಳೆದುಕೊಂಡ ಭೂರಹಿತ ಮಹಿಳೆ ಅವುಗಳಲ್ಲಿ ಕಾಣಿಸುವುದಿಲ್ಲ. ಕುಟುಂಬದ ನಷ್ಟ ತಿಳಿಯಲು ಕೇಳಬೇಕಾದ ಪ್ರಶ್ನೆಗಳೇ ಬೇರೆ: ಎಷ್ಟು ದಿನದ ಕೂಲಿ ತಪ್ಪಿತು? ಯಾವ ಬಡ್ಡಿಗೆ ಸಾಲ ತಂದರು? ಎತ್ತು, ಹಸು ಮಾರಿದರೇ? ನೀರಿಗಾಗಿ ಎಷ್ಟು ಹೊತ್ತು ನಡೆದರು? ಯಾರು ಗುಳೆ ಹೋದರು? ಮಕ್ಕಳು ಶಾಲೆ ಬಿಟ್ಟರೇ?

ಉತ್ತರಗಳನ್ನು ಸಾಮಾನ್ಯ ವರ್ಷದೊಡನೆ ಹೋಲಿಸಿದಾಗಲೇ ಅವುಗಳಿಗೆ ಅರ್ಥ. ಆದಕಾರಣ ಅವೇ ಮನೆಗಳನ್ನು ವರ್ಷಾನುಗಟ್ಟಲೆ ಗಮನಿಸಬೇಕಾಗುತ್ತದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ 1975ರಲ್ಲಿ ಮೆಹಬೂಬ್‌ನಗರ, ಸೊಲ್ಲಾಪುರ ಮತ್ತು ಅಕೋಲಾ ಜಿಲ್ಲೆಗಳ ಹಳ್ಳಿಗಳಲ್ಲಿ ಇಂತಹ ಅಧ್ಯಯನವನ್ನು ಆರಂಭಿಸಿತು. ಮುಂದೆ ವಿಜಯಪುರ, ತುಮಕೂರು ಜಿಲ್ಲೆಗಳ ಹಳ್ಳಿಗಳೂ ಸೇರಿದವು.

ಬರದ ವರ್ಷ ಮಾರಿದ ಜಾನುವಾರು ಮರು ವರ್ಷ ಮಳೆ ಬಂದೊಡನೆ ಮರಳುವುದಿಲ್ಲ, ಸಾಲವೂ ತೀರುವುದಿಲ್ಲ. ಹಾನಿಯ ಸಮೀಕ್ಷೆ ಒಂದು ಹಂಗಾಮಿಗೆ ಮುಗಿದರೆ ಈ ದೀರ್ಘ ನಷ್ಟ ಲೆಕ್ಕದಿಂದ ಹೊರಗುಳಿಯುತ್ತದೆ.