ಕೆನಡಿ ಕ್ಷೇತ್ರದ ಓಟು

1925ನೆಯ ಇಸವಿಯ ನವೆಂಬರ್ 14ರಂದು ಆಸ್ಟ್ರೇಲಿಯದಲ್ಲಿ ಮಹಾಚುನಾವಣೆ. ಕೇಂದ್ರ ಚುನಾವಣೆಯಲ್ಲಿ ಓಟು ಹಾಕುವುದು ಕಡ್ಡಾಯವೆಂದು ಹಿಂದಿನ ವರ್ಷ ಕಾನೂನಾಗಿತ್ತು. ಅದು ಜಾರಿಗೆ ಬಂದ ಮೊದಲ ಚುನಾವಣೆ ಇದೇ. ಕ್ವೀನ್ಸ್‌ಲೆಂಡಿನ ಜನಕ್ಕೆ ಈ ಕಡ್ಡಾಯ ಹೊಸದೇನಲ್ಲ, ತಮ್ಮ ರಾಜ್ಯದ ಚುನಾವಣೆಗಳಿಗೆ 1915ರಲ್ಲಿಯೇ ಅದನ್ನು ತಂದುಕೊಂಡಿದ್ದರು. ಆದರೆ ಅದೇ ರಾಜ್ಯದ ಉತ್ತರಭಾಗದಲ್ಲಿರುವ ಕೆನಡಿ ಎಂಬ ಕ್ಷೇತ್ರದವರಿಗೆ ಅಂದು ಪ್ರತಿನಿಧಿ ಸಭೆಗೆ ಓಟು ಹಾಕುವ ಅವಕಾಶವೇ ಇಲ್ಲದೆ ಹೋಯಿತು. ಆ ಕತೆಗೆ ಮುಂಚೆ ನಾಡನ್ನು ಒಮ್ಮೆ ನೋಡಿಬರೋಣ.

ಹೆಸರು ಕೇಳಿದೊಡನೆ ಅಮೆರಿಕದ ಅಧ್ಯಕ್ಷರು ನೆನಪಾಗುವುದು ಸಹಜ. ಈ ಕೆನಡಿ ಬೇರೆ. ಎಡ್ಮಂಡ್ ಕೆನಡಿ ಎಂಬ ಅನ್ವೇಷಕ 1848ರಲ್ಲಿ ಕೇಪ್ ಯಾರ್ಕ್ ಕಡೆಗೆ ಹೋಗುವಾಗ ಅಲ್ಲಿಯ ಜನರ ಈಟಿಗಳಿಗೆ ಸಿಕ್ಕಿ ಸತ್ತ. ಕೊನೆಗಳಿಗೆಯಲ್ಲಿ ಜೊತೆಗಿದ್ದು, ಕಾಡು ಹಾದು ಹಡಗಿನವರಿಗೆ ಸುದ್ದಿ ಮುಟ್ಟಿಸಿದವನು ಜಾಕಿ ಜಾಕಿ ಎಂಬ ಮೂಲನಿವಾಸಿ ಸಂಗಡಿಗ.

2018ರಲ್ಲಿ ಗೊತ್ತುಮಾಡಿದ ಗಡಿಯಂತೆ ಕ್ಷೇತ್ರದ ವಿಸ್ತೀರ್ಣ ಐದೂವರೆ ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ್ದು. ನಮ್ಮ ಕರ್ನಾಟಕದ ಮೂರರಷ್ಟಕ್ಕೆ ಸ್ವಲ್ಪ ಕಡಮೆ. ಇಷ್ಟಕ್ಕೂ ಒಬ್ಬನೇ ಪ್ರತಿನಿಧಿ! ಪೂರ್ವದ ಕಡಲಂಚಿನ ಇನ್ನಿಸ್‌ಫೇಲ್, ಟಲಿ ಊರುಗಳಲ್ಲಿ ಜಡಿಮಳೆ, ಕಬ್ಬಿನ ಗದ್ದೆ, ಬಾಳೆಯ ತೋಟ. ಘಟ್ಟ ಹತ್ತಿದರೆ ಅಥರ್‌ಟನ್ ಪ್ರಸ್ಥಭೂಮಿ. ಅದರಾಚೆ ಮಳೆ ಕಡಮೆಯಾಗುತ್ತ, ಮರಗಳು ವಿರಳವಾಗುತ್ತ, ಹುಲ್ಲುಬಯಲೇ ಬಯಲು. ಪಶ್ಚಿಮದ ತುದಿಯಲ್ಲಿ, 1923ರಲ್ಲಿ ಸೀಸ, ಬೆಳ್ಳಿಯ ಅದಿರು ಕಂಡು ಹುಟ್ಟಿದ ಗಣಿಯೂರು ಮೌಂಟ್ ಐಸಾ. ಉತ್ತರಕ್ಕೆ ಕಾರ್ಪೆಂಟೇರಿಯ ಕೊಲ್ಲಿ. ರೇಡಿಯೊ ಇಟ್ಟವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಹಾರುವ ವೈದ್ಯರ ಸೇವೆ 1928ರಲ್ಲಿ ಮೊದಲಾದದ್ದು ಈ ಸೀಮೆಯ ಕ್ಲಾನ್‌ಕರಿಯಿಂದ. ಒಂಟಿಮನೆಯವರು ವೈದ್ಯರನ್ನು ಕರೆಯುವುದು ಹೇಗೆ? ಕಾಲಿನಿಂದ ತುಳಿದು ವಿದ್ಯುತ್ತು ಹುಟ್ಟಿಸುವ ರೇಡಿಯೊ ಯಂತ್ರವೊಂದನ್ನು ಆಲ್‌ಫ್ರೆಡ್ ಟ್ರೇಗರ್ ಎಂಬವರು ಮಾಡಿದರು. ಅದು ಮರುವರ್ಷ ಬಳಕೆಗೆ ಬಂತು.

ಈ ನಾಡಿನ ಮೊದಲ ಪ್ರತಿನಿಧಿ ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್. ಚಿನ್ನದ ಗಣಿಯ ಊರಾದ ಚಾರ್ಟರ್ಸ್ ಟವರ್ಸಿನಲ್ಲಿ ಗಡಿಯಾರ ರಿಪೇರಿಯ ಕಸುಬು ಮಾಡಿಕೊಂಡು ಕೂಲಿಕಾರರ ಸಂಘ ಕಟ್ಟಿದವರು. ಒಕ್ಕೂಟ ಸ್ಥಾಪನೆಯಾದ 1901ರಿಂದ ಲೇಬರ್ ಪಕ್ಷದ ಪರವಾಗಿ ಒಂಬತ್ತು ಸಲ ಆರಿಸಿಬಂದರು. 1910ರಲ್ಲಿ ಪ್ರತಿನಿಧಿ ಸಭೆಯ ಅಧ್ಯಕ್ಷರಾದರು; ಆ ಪೀಠವೇರಿದ ಲೇಬರ್ ಪಕ್ಷದವರಲ್ಲಿ ಇವರೇ ಮೊದಲಿಗರು. ಆಂಗ್ಲ ಸಂಪ್ರದಾಯದ ಕೃತಕ ಕೇಶವನ್ನೂ ನಿಲುವಂಗಿಯನ್ನೂ ತೊಡದೆ ಕುಳಿತರು. ಗಡಿಯಾರದ ಕೆಲಸದವರಿಗೆ ಒಳಗಿನ ಯಂತ್ರ ಮುಖ್ಯ, ಹೊರಗಿನ ಡಬ್ಬಿಯಲ್ಲ ಎಂದು ತೋರಿದ್ದರೆ ಆಶ್ಚರ್ಯವಿಲ್ಲ.

ಹತ್ತನೆಯ ಸಲ ನಿಂತಾಗ, ಮತದಾನದ ಹಿಂದಿನ ದಿನ, ಮ್ಯಾಕ್‌ಡೊನಾಲ್ಡ್ ತೀರಿಕೊಂಡರು. ಉಮೇದುವಾರಿಕೆಯ ಅವಧಿ ಮುಗಿದುಹೋಗಿತ್ತು. ಕಣದಲ್ಲಿ ಉಳಿದವರು ನ್ಯಾಷನಲಿಸ್ಟ್ ಪಕ್ಷದ ಗ್ರೋವನರ್ ಫ್ರಾನ್ಸಿಸ್ ಒಬ್ಬರೇ. ಅವರು ಅವಿರೋಧವಾಗಿ ಆಯ್ಕೆಯಾದರೆಂದು ಘೋಷಣೆಯಾಯಿತು. ಕಾಲು ಶತಮಾನ ಲೇಬರಿಗೆ ಓಟು ಕೊಟ್ಟ ಕ್ಷೇತ್ರದವರು ಕಾನೂನಿನ ಕಡ್ಡಾಯಕ್ಕೆ ಸೆನೆಟ್ಟಿಗೆ ಮಾತ್ರ ಓಟು ಹಾಕಿ ಮನೆಗೆ ಹೋಗಬೇಕಾಯಿತು. ಕಾನೂನು ತಪ್ಪದೆ ನಡೆದರೂ ನ್ಯಾಯ ತಪ್ಪಿತೆಂದೇ ನನ್ನ ಎಣಿಕೆ. ಇಂದಿನ ಕಾನೂನಿನಲ್ಲಿ ಹಾಗಾಗುವಂತಿಲ್ಲ: ಉಮೇದುವಾರಿಕೆ ಮುಗಿದ ಮೇಲೆ ಒಬ್ಬರು ಸತ್ತರೆ ಆ ಕ್ಷೇತ್ರದ ಚುನಾವಣೆಯೇ ರದ್ದಾಗಿ ಹೊಸದಾಗಿ ನಡೆಯಬೇಕು.

ಫ್ರಾನ್ಸಿಸ್ 1929ರಲ್ಲಿ ಲೇಬರಿನ ಡಾರ್ಬಿ ರಿಯೊರ್ಡನ್ನರಿಗೆ ಸೋತರು. ಅವರು 1936ರಲ್ಲಿ ಕಾಲವಾದಾಗ ಅವರ ಅಣ್ಣತಮ್ಮಂದಿರ ಮಗ ಬಿಲ್ ರಿಯೊರ್ಡನ್ ಬಂದು 1966ರವರೆಗೆ ಉಳಿದರು. ಆಮೇಲೆ ಗಾಳಿ ತಿರುಗಿತು. 1957ರಲ್ಲಿ ಕ್ವೀನ್ಸ್‌ಲೆಂಡಿನ ಲೇಬರ್ ಪಕ್ಷ ಒಡೆದಾಗ ಹೊರಬಂದಿದ್ದ ಬಾಬ್ ಕ್ಯಾಟರ್, ಕಂಟ್ರಿ ಪಕ್ಷದಿಂದ ಗೆದ್ದು 1990ರವರೆಗೆ ಇದ್ದರು. ನಡುವೆ ಮೂರು ವರ್ಷ ಮತ್ತೆ ಲೇಬರ್. 1993ರಲ್ಲಿ ಕ್ಯಾಟರರ ಅದೇ ಹೆಸರಿನ ಮಗ. ಇವರು 2001ರಲ್ಲಿ ಪಕ್ಷ ಬಿಟ್ಟು ಸ್ವತಂತ್ರರಾದರು, 2011ರಲ್ಲಿ ತಮ್ಮದೇ ಪಕ್ಷ ಕಟ್ಟಿದರು, 2025ರಲ್ಲಿಯೂ ಗೆದ್ದರು. 2013ರಲ್ಲಿ ಮೊದಲ ಆಯ್ಕೆಯ ಓಟುಗಳಲ್ಲಿ ಎದುರಾಳಿಗಿಂತ ಹಿಂದೆ ಬಿದ್ದಿದ್ದರು. ಅಲ್ಲಿ ಮತದಾರರು ಉಮೇದುವಾರರಿಗೆ 1, 2, 3 ಎಂದು ಕ್ರಮವಾಗಿ ಅಂಕೆ ಹಾಕುವುದರಿಂದ, ಸೋತವರ ಓಟುಗಳು ಮುಂದಿನ ಆಯ್ಕೆಗೆ ಹಂಚಿಹೋಗಿ ಇವರನ್ನು ದಡ ಸೇರಿಸಿದವು.

ಈ ಲೆಕ್ಕಗಳಲ್ಲೆಲ್ಲ ಬಹುಕಾಲ ಕಾಣದ ಜನರಿದ್ದರು. ಹೆಂಗಸರಿಗೆ ಮತ ಕೊಟ್ಟ 1902ರ ಕಾನೂನೇ, ಆಗಲೇ ಮತದಾರರಾಗಿದ್ದ ಕೆಲವರ ಹೊರತು, ಮೂಲನಿವಾಸಿಗಳನ್ನೂ ಏಷ್ಯದವರನ್ನೂ ಪಟ್ಟಿಯಿಂದ ದೂರವಿಟ್ಟಿತು. ಬ್ರಿಟಿಷ್ ಇಂಡಿಯದಲ್ಲಿ ಹುಟ್ಟಿ ಅಲ್ಲಿ ನೆಲಸಿದವರಿಗೆ 1925ರ ತಿದ್ದುಪಡಿಯಿಂದ ಓಟು ಬಂತು. ಆದರೆ ಕೊಲ್ಲಿಯ ಸೀಮೆಯಲ್ಲಿ ಬಿಳಿಯರ ದನ ಕಾಯುತ್ತಿದ್ದ ಮೂಲನಿವಾಸಿಗಳು, ನೆಲವೇ ತಮ್ಮದಾಗಿದ್ದರೂ, 1962ರವರೆಗೆ ಕಾಯಬೇಕಾಯಿತು. ಆಗಲೂ ಹೆಸರು ಬರೆಸುವುದು ಅವರ ಇಚ್ಛೆಗೆ ಬಿಟ್ಟ ಮಾತು. ಜನಸಂಖ್ಯೆಯ ಲೆಕ್ಕದಿಂದ ಅವರನ್ನು ಹೊರಗಿಟ್ಟಿದ್ದ ಸಂವಿಧಾನದ ವಿಧಿಯನ್ನು 1967ರ ಜನಮತಗಣನೆ ತೆಗೆದುಹಾಕಿತು. ಇತರರಂತೆ ಇವರಿಗೂ ಪಟ್ಟಿಗೆ ಸೇರುವುದು ಕಡ್ಡಾಯವಾದದ್ದು 1984ರಲ್ಲಿ.