ಜುಲೈ 31ರ ಆ ಒಂದು ಗೋಲು

ಫುಟ್‌ಬಾಲ್ ಇತಿಹಾಸದಲ್ಲಿ ಜುಲೈ 30ಕ್ಕೆ ದೊಡ್ಡ ಮರ್ಯಾದೆ. ಮೊದಲ ವಿಶ್ವಕಪ್ಪಿನ ಫೈನಲ್ ನಡೆದದ್ದು 1930ರ ಆ ದಿನ. ಉರುಗ್ವೆ ತನ್ನ ಮಾಂಟೆವಿಡಿಯೊದಲ್ಲೇ ಅರ್ಜೆಂಟೀನಾವನ್ನು 4–2ರಿಂದ ಮಣಿಸಿತು. 1966ರ ಅದೇ ದಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಪಶ್ಚಿಮ ಜರ್ಮನಿಯನ್ನು ಸೋಲಿಸಿದ್ದೂ 4–2ರಿಂದಲೇ. ಇವೆರಡೂ ಎಲ್ಲರ ಬಾಯಲ್ಲಿವೆ. ಕನ್ನಡಿಗರು ಗುರುತು ಹಾಕಿಕೊಳ್ಳಬೇಕಾದ ದಿನ ಅದರ ಮರುದಿನ.

1948ರ ಜುಲೈ 31, ಶನಿವಾರ. ಲಂಡನ್ ಒಲಿಂಪಿಕ್ಸ್. ಪೂರ್ವ ಲಂಡನ್ನಿನ ಇಲ್ಫರ್ಡ್‌ನಲ್ಲಿರುವ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರು ಭಾರತ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸ್ವತಂತ್ರ ದೇಶವಾಗಿ ಭಾರತ ಆಡಿದ ಮೊದಲ ಅಂತರರಾಷ್ಟ್ರೀಯ ಪಂದ್ಯ ಅದು. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವೊ. ನಮ್ಮವರಲ್ಲಿ ಹೆಚ್ಚಿನವರು ಬೂಟು ತೊಟ್ಟಿರಲಿಲ್ಲ; ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡು ಇಳಿದಿದ್ದರು.

30ನೇ ನಿಮಿಷಕ್ಕೆ ಫ್ರಾನ್ಸ್ ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ ಪ್ರಸಾದ್ ಕೈಚೆಲ್ಲಿದರು. ಇಂಥ ಅವಕಾಶ ಕೈತಪ್ಪಿದರೆ ಯಾವ ತಂಡವಾದರೂ ಕುಗ್ಗಬೇಕು, ಇವರು ಕುಗ್ಗಲಿಲ್ಲ. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿದರು. 1–1. ಸ್ವತಂತ್ರ ಭಾರತದ ಮೊದಲ ಗೋಲು ಅದು. ಆಟ ಮುಗಿಯಲು ನಿಮಿಷವಷ್ಟೇ ಉಳಿದಿರುವಾಗ, 89ನೇ ನಿಮಿಷದಲ್ಲಿ, ಫ್ರಾನ್ಸ್ ಮತ್ತೊಂದು ಹೊಡೆದು 2–1ರಿಂದ ಗೆದ್ದಿತು. ಪೆನಾಲ್ಟಿಗಳಲ್ಲಿ ಒಂದು ಒಳಗೆ ಹೋಗಿದ್ದರೂ ಕತೆಯೇ ಬೇರೆಯಿತ್ತು.

ಹನ್ನೆರಡು ದಿನ ಕಳೆದು, ಆಗಸ್ಟ್ 12ರಂದು, ನಮ್ಮ ಹಾಕಿ ತಂಡ ಬ್ರಿಟನ್ನನ್ನು 4–0ಯಿಂದ ಸೋಲಿಸಿ ಚಿನ್ನ ಗೆದ್ದಿತು. ದೇಶ ಆ ಸಂಭ್ರಮದಲ್ಲಿ ಮುಳುಗಿತು, ರಾಮನ್ ಅವರ ಗೋಲು ಮರೆಗೆ ಸರಿಯಿತು. ಈ ಮರೆವು ನ್ಯಾಯವಲ್ಲ.

ಆ ಗೋಲು ಅದೃಷ್ಟದಿಂದ ಬಂದದ್ದೂ ಅಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ತಮ್ಮದಾಗಿಸಿಕೊಂಡಿದ್ದರು. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆ ಇದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. 1891ರಿಂದ ನಡೆಯುತ್ತಿದ್ದ ಆ ಟೂರ್ನಿಯನ್ನು ಅಲ್ಲಿಯವರೆಗೆ ಭಾರತೀಯರ ತಂಡವೊಂದು ಗೆದ್ದಿರಲೇ ಇಲ್ಲ. ಮರುವರ್ಷವೂ ಕಪ್ ಅವರದೇ ಆಯಿತು.

ಆಗ ಕನ್ನಡಿಗರೆಲ್ಲ ಒಂದೇ ರಾಜ್ಯದಲ್ಲಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಉದಾಹರಣೆಗೆ, ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಹಿರೇಗುತ್ತಿ ಆಗ ಮುಂಬಯಿ ಪ್ರಾಂತ್ಯದ ಊರು. ಹಿರೇಗುತ್ತಿಯವರ ಪಾಲಿಗೆ ಬೆಂಗಳೂರಿನ ಆ ಆಟಗಾರರು ಪಕ್ಕದ ಮೈಸೂರು ಸಂಸ್ಥಾನದ ಕಡೆಯವರು; ಅವರು ಕಪ್ ಎತ್ತಿದ್ದು ಮಾತ್ರ ಹಿರೇಗುತ್ತಿಯವರ ರಾಜಧಾನಿಯಲ್ಲಿ. ಭಾಷೆ ಒಂದೇ ಆದರೂ ಆಡಳಿತ ಎರಡಾಗಿದ್ದ ಕಾಲ ಅದು.

ಮುಂದಿನ ಒಲಿಂಪಿಕ್ಸ್ 1952ರಲ್ಲಿ ಹೆಲ್ಸಿಂಕಿಯಲ್ಲಿ. ಜುಲೈ 15ರಂದು ಯುಗೊಸ್ಲಾವಿಯಾ ಎದುರು ಭಾರತ 1–10ರಿಂದ ಸೋತಿತು. ಅಲ್ಲಿನ ಚಳಿಯಲ್ಲಿ ಬರಿಗಾಲ ಆಟ ನಡೆಯಲಿಲ್ಲ. ಆ ಪೆಟ್ಟಿನ ನಂತರವೇ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಅಂದಿನ ಆ ಒಂಟಿ ಗೋಲು ಹೊಡೆದವರು ಅಹ್ಮದ್ ಖಾನ್, ಅವರೂ ಬೆಂಗಳೂರಿನವರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಚೂಣಿಯ ಐವರನ್ನು ಜನ ‘ಪಂಚಪಾಂಡವರು’ ಎಂದು ಕರೆಯುತ್ತಿದ್ದರು, ಖಾನ್ ಅವರಲ್ಲೊಬ್ಬರು. ಸ್ವತಂತ್ರ ಭಾರತ ತನ್ನ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ಹೊಡೆದದ್ದು ಎರಡೇ ಗೋಲು. ಎರಡೂ ಒಂದೇ ಊರಿನ ಹುಡುಗರ ಕಾಲಿನಿಂದ ಬಂದವು. ಕ್ರಿಕೆಟ್ಟಿನಲ್ಲಿ ಇಂಥದೊಂದು ಆಗಿದ್ದರೆ ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿರುತ್ತಿತ್ತು.

ಜುಲೈ 31 ಲಂಡನ್ನಿಗೆ ಮತ್ತೊಮ್ಮೆ ಒದಗಿತು. 2022ರ ಆ ದಿನ ವೆಂಬ್ಲಿಯಲ್ಲಿ 87,192 ಜನರ ಮುಂದೆ ಇಂಗ್ಲೆಂಡಿನ ಮಹಿಳೆಯರು ಜರ್ಮನಿಯನ್ನು ಸೋಲಿಸಿ ಯುರೋ ಕಪ್ ಗೆದ್ದರು. ಅಂಕ ಅಂದೂ 2–1. ಹೆಚ್ಚುವರಿ ಆಟದಲ್ಲಿ ಗೆಲುವಿನ ಗೋಲು ಹೊಡೆದವರು ಕ್ಲೋಯಿ ಕೆಲ್ಲಿ. 1921ರಲ್ಲಿ ಹೆಂಗಸರ ಆಟಕ್ಕೆ ತನ್ನ ಕ್ಲಬ್ಬುಗಳ ಮೈದಾನ ಕೊಡಬಾರದೆಂದು ತಡೆ ಹಾಕಿದ್ದ ದೇಶದಲ್ಲಿ ಇದಾಯಿತು.

ಹೆಲ್ಸಿಂಕಿಯ ನಂತರ ನಮ್ಮ ಕತೆಗೆ ಮುಂದಿನ ತಿರುವು ಬಂದದ್ದು 1956ರಲ್ಲಿ. ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾಗಿ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಬಾರಿಸಿದರು. ಮೈಸೂರಿನ ಆಟಗಾರ ಎಂ. ಕೆಂಪಯ್ಯ ಆ ಒಲಿಂಪಿಕ್ಸ್ ತಂಡದಲ್ಲಿದ್ದರು. ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ನಮ್ಮ ದೇಶ ಅದಕ್ಕಿಂತ ಮೇಲೆ ಏರಿದ್ದೇ ಇಲ್ಲ. ಆ ಹೊತ್ತಿಗೆ ಹಿರೇಗುತ್ತಿಯವರೂ ಕೆಂಪಯ್ಯನವರೂ ಒಂದೇ ರಾಜ್ಯದವರಾಗಿದ್ದರು.